ಈಜು, ಸೈಕಲ್ಲು, ಓಟ, ಬಸ್ಸಾರು

ಒಲಿಂಪಿಕ್ ಟ್ರಯಥ್ಲಾನ್ ಅಂದ್ರೆ 1.5 ಕಿ.ಮೀ. ಈಜು, 40 ಕಿ.ಮೀ. ಸೈಕಲ್, 10 ಕಿ.ಮೀ. ಓಟ. ಮಗಳಿಗೆ ಜಡೆ ಹಾಕೋದನ್ನ ಲೆಕ್ಕಕ್ಕೆ ತಗೊಂಡಿಲ್ಲ!

ಭಾನುವಾರ ಚಾಮುಂಡಿ ಬೆಟ್ಟ ಹತ್ತಿಳಿದು, ಸೈಕಲ್ ಬಿಟ್ಟ ಕೂಡ್ಲೇ ಓಡೋ ಅಭ್ಯಾಸ. ಮೊದಲ ಕಿಲೋಮೀಟರು ಕಾಲು ನಮ್ದೇ ಅಲ್ಲ ಅನ್ಸುತ್ತೆ. ಮನೆಗೆ ಬಂದ್ರೆ ಅತ್ತೆ ಸೊಪ್ಪು, ಕಾಳು ಬೇಯಿಸಿ ಕಟ್ಟು ಬಸಿದಿಟ್ಟಿರ್ತಾರೆ. ಖಾರ ರುಬ್ಬಿ ಮುದ್ದೆ ತಿರುವೋದು ನನ್ನ ಪಾಲು. ಗಂಟಾಗದ ಹಾಗೆ ಮುದ್ದೆಕೋಲು ತಿರುವೋಕೆ ಬೇಕಾದ ತೋಳಿನ ಬಲ ಈಜಿಗಿಂತ ಕಮ್ಮಿಯೇನಲ್ಲ. (ಕೋಚ್ ಒಪ್ಪಲ್ಲ, ಬಿಡಿ.) ದಾರಿಗೆ ಬಾಳೆಹಣ್ಣು, ಕಡ್ಲೆಮಿಠಾಯಿ ಸಾಕು, ಶಕ್ತಿಗೆ ಅಂತ ನುಂಗೋ ಜೆಲ್ ಪ್ಯಾಕೆಟ್ಟಿಗೆ ಯಾರು ದುಡ್ಡು ಸುರೀತಾರೆ?

ಎಲ್ಲಾ ಸರಿದೂಗಿಸೋದು ಅಂತಾರಲ್ಲ, ನನಗಂತೂ ಅದರಲ್ಲಿ ನಂಬಿಕೆಯಿಲ್ಲ. ಒಂದು ವಾರ ಈಜು ತಪ್ಪುತ್ತೆ, ಇನ್ನೊಂದು ವಾರ ಮನೆಯವರೆಲ್ಲ ಹೋಟೆಲ್ ಇಡ್ಲಿ ತಿಂತಾರೆ. "ಇಷ್ಟು ಓಡಿ ಎಲ್ಲಿಗೆ ಹೋಗ್ಬೇಕಮ್ಮಾ ನೀನು?" ಅಂತ ಅತ್ತೆ ಕೇಳ್ತಾನೇ ಇರ್ತಾರೆ, ಇನ್ನೊಂದು ಮುದ್ದೆ ಬಡಿಸ್ತಾನೇ ಇರ್ತಾರೆ.