ಮೂರು ವರ್ಷದ ಸಂಸತ್ತು, ಹತ್ತು ವರ್ಷದ ಚುಚ್ಚುಮದ್ದು

ನ್ಯೂಜಿಲೆಂಡ್ ಸಂಸತ್ತಿನ ಅವಧಿ ಮೂರೇ ವರ್ಷ. ಆದರೆ ಆ ದೇಶದಲ್ಲಿ ರುಮ್ಯಾಟಿಕ್ ಜ್ವರ ಬಂದ ಅನೇಕ ಮಕ್ಕಳು ನಾಲ್ಕು ವಾರಕ್ಕೊಮ್ಮೆಯಂತೆ ಹತ್ತು ವರ್ಷಗಳ ಕಾಲ ಪೆನಿಸಿಲಿನ್ ಚುಚ್ಚುಮದ್ದು ಹಾಕಿಸಿಕೊಳ್ಳಬೇಕಾಗುತ್ತದೆ. ಸಾರ್ವಜನಿಕ ನೀತಿಯಲ್ಲಿ ‘ದೀರ್ಘಾವಧಿ’ ಎಂದರೆ ಎಷ್ಟು ಎಂಬುದನ್ನು ಚುನಾವಣೆಗಳಲ್ಲ, ಇಂತಹ ಕಾಯಿಲೆಗಳು ನಿರ್ಧರಿಸಬೇಕು ಎಂಬುದು ನನ್ನ ಅಭಿಪ್ರಾಯ.

ಸ್ಟ್ರೆಪ್ಟೊಕಾಕಸ್ ಸೋಂಕಿನಿಂದ ಬಂದ ಗಂಟಲು ನೋವಿಗೆ ಸಕಾಲದಲ್ಲಿ ಔಷಧ ಸಿಗದಿದ್ದಾಗ ತಲೆದೋರುವ ಈ ಜ್ವರ, ಮರುಕಳಿಸಿದಂತೆಲ್ಲ ಹೃದಯದ ಕವಾಟಗಳನ್ನು ಕೆಡಿಸುತ್ತದೆ. ಶ್ರೀಮಂತ ದೇಶಗಳಿಂದ ಬಹುಮಟ್ಟಿಗೆ ಮರೆಯಾಗಿರುವ ಇದು ನ್ಯೂಜಿಲೆಂಡ್‌ನಲ್ಲಿ ಅಲ್ಲಿನ ಮೂಲನಿವಾಸಿಗಳಾದ ಮಾವೊರಿ ಮಕ್ಕಳನ್ನೂ, ಸಮೋವಾ, ಟೊಂಗಾ ಮೊದಲಾದ ಪೆಸಿಫಿಕ್ ದ್ವೀಪಗಳ ಮೂಲದ ಮಕ್ಕಳನ್ನೂ ಇಂದಿಗೂ ಕಾಡುತ್ತಿದೆ. ಸರ್ಕಾರ 2011ರಲ್ಲಿ ತಡೆ ಕಾರ್ಯಕ್ರಮವನ್ನು ಆರಂಭಿಸಿ, ಶಾಲೆಗಳಲ್ಲೇ ಮಕ್ಕಳ ಗಂಟಲು ಪರೀಕ್ಷೆ ಮಾಡಿಸಿತು. 2017ರ ಮಧ್ಯಭಾಗದೊಳಗೆ ಹೊಸ ಪ್ರಕರಣಗಳನ್ನು ಮೂರನೇ ಎರಡರಷ್ಟು ತಗ್ಗಿಸಿ, ಲಕ್ಷ ಜನಕ್ಕೆ 1.4ಕ್ಕೆ ಇಳಿಸುವ ಗುರಿಯನ್ನೂ ಇಟ್ಟುಕೊಂಡಿತು. ಸಂಖ್ಯೆ ಮೊದಲು ಇಳಿದು ಮತ್ತೆ ಏರಿತು, ಗುರಿ ತಲುಪಲಿಲ್ಲ. ಅದೇ ವರ್ಷದ ಚುನಾವಣೆಯ ನಂತರ ಬಂದ ಹೊಸ ಸರ್ಕಾರ ಅಂತಹ ಗುರಿಗಳ ಪಟ್ಟಿಯನ್ನೇ ಕೈಬಿಟ್ಟಿತು.

ಗಂಟಲಿನಲ್ಲಿ ಕಾಣಿಸಿಕೊಂಡರೂ ಈ ಕಾಯಿಲೆಯ ಬೇರು ಇರುವುದು ಮನೆಯಲ್ಲಿ. ಬಾಡಿಗೆ ದುಬಾರಿಯಾಗಿ, ಎರಡು ಮೂರು ಸಂಸಾರಗಳು ಒಂದೇ ಮನೆಯಲ್ಲಿ, ಚಳಿಗಾಲದಲ್ಲಿ ಬೆಚ್ಚಗಿರುವ ಒಂದೇ ಕೋಣೆಯಲ್ಲಿ ಒತ್ತಾಗಿ ಮಲಗಿದಾಗ ಸೋಂಕು ಹರಡುವುದು ಸುಲಭ. ಇಂತಹ ಕುಟುಂಬಗಳಿಗೆ ಹಾಸಿಗೆ, ಪರದೆ, ಹೀಟರ್, ಮನೆಗೆ ಶಾಖನಿರೋಧಕ ಹೊದಿಕೆ ಒದಗಿಸಲು 2013ರ ಕೊನೆಯಲ್ಲಿ ಆರಂಭವಾದ ಯೋಜನೆ ಸರ್ಕಾರಗಳು ಬದಲಾದರೂ ಉಳಿದುಕೊಂಡಿತು. ನನ್ನ ದೃಷ್ಟಿಯಲ್ಲಿ ನಿಜವಾದ ಆರೋಗ್ಯ ನೀತಿ ಇದೇ, ಆದರೆ ಆಸ್ಪತ್ರೆ ಉದ್ಘಾಟನೆಯಂತೆ ಇದರ ಫೋಟೊ ಯಾರೂ ತೆಗೆಯುವುದಿಲ್ಲ.

2023ರ ಜನಗಣತಿಯ ಪ್ರಕಾರ ಅಲ್ಲಿನ ಪೆಸಿಫಿಕ್ ಜನರ ಸಂಖ್ಯೆ ಸುಮಾರು 4.4 ಲಕ್ಷ, ಅಂದರೆ ಜನಸಂಖ್ಯೆಯ ಶೇ 9ರಷ್ಟು. ಅವರ ಮಧ್ಯಮ ವಯಸ್ಸು 25ರ ಆಸುಪಾಸು, ಇಡೀ ದೇಶದ್ದು 38. ಮುಪ್ಪಾಗುತ್ತಿರುವ ದೇಶವೊಂದರ ನಾಳಿನ ಶಿಕ್ಷಕರಲ್ಲಿ, ದಾದಿಯರಲ್ಲಿ, ತೆರಿಗೆ ಕಟ್ಟುವವರಲ್ಲಿ ಇವರ ಪಾಲು ಹಿಗ್ಗುತ್ತಲೇ ಹೋಗುವುದರಿಂದ, ಇವರ ಆರೋಗ್ಯಕ್ಕೆ, ಶಿಕ್ಷಣಕ್ಕೆ ಹಾಕುವ ಹಣವನ್ನು ಉಪಕಾರವೆಂದು ಲೆಕ್ಕ ಬರೆಯುವುದು ಸರಿಯಲ್ಲ.

ಚುನಾವಣೆಗಳಾಚೆಗೆ ಯೋಚಿಸುವ ಅಗತ್ಯವನ್ನು ಅಲ್ಲಿನ ಕಾನೂನು ಒಂದು ಮಟ್ಟಿಗೆ ಗುರುತಿಸಿದೆ. 2020ರ ಸಾರ್ವಜನಿಕ ಸೇವಾ ಕಾಯ್ದೆಯು ಇಲಾಖೆಗಳ ಮುಖ್ಯಸ್ಥರು ಕನಿಷ್ಠ ಮೂರು ವರ್ಷಕ್ಕೊಮ್ಮೆ, ಸಚಿವರ ಮರ್ಜಿಗೆ ಕಾಯದೆ, ದೂರದ ಭವಿಷ್ಯದ ಬಗ್ಗೆ ವರದಿ ಸಿದ್ಧಪಡಿಸಬೇಕೆಂದು ವಿಧಿಸಿತು. ಆದರೆ ವರದಿಗೆ ಬಜೆಟ್ ಮಂಡಿಸುವ ಅಧಿಕಾರವಿಲ್ಲ. ಪೆಸಿಫಿಕ್ ಮಕ್ಕಳ ಶಿಕ್ಷಣಕ್ಕೆಂದೇ ರೂಪಿಸಿದ ಕ್ರಿಯಾಯೋಜನೆಯ ಅವಧಿ 2020ರಿಂದ 2030. ಅದು ಆರಂಭವಾದಾಗ ಶಾಲೆಗೆ ಸೇರಿದ ಐದು ವರ್ಷದ ಮಗುವಿಗೆ ಯೋಜನೆ ಮುಗಿಯುವಾಗ ಹದಿನೈದು ತುಂಬಿರುತ್ತದೆ. ಮೂರು ವರ್ಷಕ್ಕೊಂದರಂತೆ, ಅಷ್ಟರೊಳಗೆ ನಾಲ್ಕು ಚುನಾವಣೆಗಳು.