ಹನೇಡಾ 34ಆರ್ ರನ್‌ವೇ ಮಾದರಿ: ದೀಪದ ಕೆಲಸ ಎಲ್ಲಿಗೆ ಬಂತು

2024ರಲ್ಲಿ ಟೋಕಿಯೊದ ಹನೇಡಾ ವಿಮಾನ ನಿಲ್ದಾಣದ 34ಆರ್ ಎಂಬ ರನ್‌ವೇ ಮೇಲೆ ಎರಡು ವಿಮಾನ ಡಿಕ್ಕಿಯಾದದ್ದನ್ನು ದೀಪಗಳಲ್ಲಿ ತೋರಿಸುವ ಮಾದರಿ ಇದು. ಹಲಗೆ ಕೆಲಸ ಮುಗಿದಿದೆ, ವೈರಿಂಗ್ ಮುಕ್ಕಾಲು ಪಾಲು ಆಗಿದೆ. ಅಳತೆ 1:2000. ಈ ರನ್‌ವೇ 3360 ಮೀಟರ್ ಉದ್ದ, 60 ಮೀಟರ್ ಅಗಲ. ಹಲಗೆಯ ಮೇಲೆ 1680 × 30 ಮಿ.ಮೀ. ಡಿಕ್ಕಿಯಾದ ಪ್ರಯಾಣಿಕ ವಿಮಾನ ಏರ್‌ಬಸ್ ಎ350-900ರ ಆಕಾರ ಕತ್ತರಿಸಿ ಇಟ್ಟಾಗ ರೆಕ್ಕೆಯ ತುದಿಗಳು ಪಟ್ಟಿಯ ಎರಡೂ ಅಂಚಿನಿಂದ ಒಂದೊಂದು ಮಿ.ಮೀ. ಹೊರಗೆ ಚಾಚಿದವು. ಕತ್ತರಿ ತಪ್ಪಿಲ್ಲ, ಅದರ ರೆಕ್ಕೆಯಗಲ ನಿಜವಾಗಿಯೂ ಸುಮಾರು 65 ಮೀಟರ್. ಇನ್ನೊಂದು ವಿಮಾನ, ಜಪಾನ್ ಕೋಸ್ಟ್ ಗಾರ್ಡ್‌ನ ಡ್ಯಾಶ್ 8-300, ಅದರ ಮುಂದೆ ಹುಣಸೆ ಬೀಜದಷ್ಟಿದೆ.

ಮಾದರಿ ತೋರಿಸಬೇಕಾದದ್ದು 2024ರ ಜನವರಿ 2ರ ಸಂಜೆ 5:45ರಿಂದ 5:47ರವರೆಗಿನ ಹೊತ್ತನ್ನು ಮಾತ್ರ. ಸಪ್ಪೊರೊ ಕಡೆಯಿಂದ ಬಂದ ಜಪಾನ್ ಏರ್‌ಲೈನ್ಸ್ 516, ಅಂದರೆ ಆ ಏರ್‌ಬಸ್, ನೆಲ ಮುಟ್ಟಿದೊಡನೆ, ಭೂಕಂಪ ಪರಿಹಾರದ ಸಾಮಾನು ಹೊತ್ತು ರನ್‌ವೇ ಮೇಲೆ ನಿಂತಿದ್ದ ಡ್ಯಾಶ್ 8ಕ್ಕೆ ಹಿಂದಿನಿಂದ ಬಡಿಯಿತು. ಡ್ಯಾಶ್ 8ರ ಆರು ಜನರಲ್ಲಿ ಐವರು ಸತ್ತರು. ಏರ್‌ಬಸ್‌ನ 379 ಮಂದಿಯೂ ಹೊರಬಂದರು. ಬೆಂಕಿಗೆಂದು ಕೆಂಪು ದೀಪ ಮಿನುಗಿಸುವ ಯೋಚನೆ ಕೈಬಿಟ್ಟಾಯಿತು. ಅದರಿಂದ ತಿಳಿಯುವುದೇನೂ ಇಲ್ಲ.

ಕಷ್ಟ ಕೊಟ್ಟದ್ದು ವೇಗ. ಇಳಿಯುವ ಹೊತ್ತಿಗೆ ಸೆಕೆಂಡಿಗೆ 72 ಮೀಟರ್ ಎಂದು ಹಿಡಿದರೆ ಹಲಗೆ ಮೇಲೆ 36 ಮಿ.ಮೀ. ಡ್ಯಾಶ್ 8 ರನ್‌ವೇ ಮೇಲೆ ನಿಂತದ್ದು ಸುಮಾರು 40 ಸೆಕೆಂಡು, ಅಂದರೆ ಅದು ಬಂದು ನಿಂತಾಗ ಏರ್‌ಬಸ್ 1440 ಮಿ.ಮೀ. ಹಿಂದಿರಬೇಕು. ಮೊದಲು ಜೋಡಿಸಿದ್ದ 600 ಮಿ.ಮೀ.ನ ಅಪ್ರೋಚ್ ಹಲಗೆ (ರನ್‌ವೇ ಶುರುವಾಗುವ ಮುಂಚಿನ ಇಳಿಯುವ ದಾರಿ) ಸಾಲಲಿಲ್ಲ. ಈಗ 1200 ಹಾಕಿದೆ, ಡ್ಯಾಶ್ 8 ನಿಂತದ್ದು ರನ್‌ವೇಯ ಒಳಗಾದ್ದರಿಂದ ಉಳಿದದ್ದು ಪಟ್ಟಿಯ ಮೇಲೇ ಸಿಗುತ್ತದೆ. ಇಳಿಯಲು ಅನುಮತಿ ಸಿಕ್ಕ 5:44:56ರಿಂದಲೇ ತೋರಿಸುವುದಾದರೆ ಐದು ಮೀಟರಿಗೂ ಹೆಚ್ಚು ಬೇಕು, ವಿಮಾನ ಪಕ್ಕದ ಕೋಣೆಯಲ್ಲಿರುತ್ತದೆ. ಆ ಭಾಗಕ್ಕೆ ಗಡಿಯಾರ ಮಾತ್ರ ಓಡುತ್ತದೆ.

ದೀಪಕ್ಕೆ ಡಬ್ಲ್ಯುಎಸ್2812ಬಿ ಪಟ್ಟಿ (ಒಂದೊಂದು ಎಲ್‌ಇಡಿಯ ಬಣ್ಣವನ್ನೂ ಪ್ರೋಗ್ರಾಮಿನಿಂದ ಬದಲಿಸಬಹುದಾದದ್ದು), ಮೀಟರಿಗೆ 60ರದ್ದು. ರನ್‌ವೇಗೆ 100 ದೀಪ ಬಂತು. ಎರಡರ ನಡುವಿನ ಅಂತರ ಅಳತೆಯಲ್ಲಿ 33 ಮೀಟರ್, ಅಸಲಿ ನಡುಗೆರೆ ದೀಪಗಳಿಗೆ ಬಳಸುವ 30 ಮೀಟರ್ ಅಂತರಕ್ಕೆ ತೀರಾ ಹತ್ತಿರ. ಡೇಟಾ ತಂತಿಗೆ 330 ಓಮ್ ರೆಸಿಸ್ಟರ್, ಸಪ್ಲೈಗೆ ಅಡ್ಡಲಾಗಿ 1000 ಮೈಕ್ರೊಫ್ಯಾರಡ್ ಕೆಪ್ಯಾಸಿಟರ್. 5 ವೋಲ್ಟನ್ನು ಒಂದೇ ತುದಿಯಿಂದ ಕೊಟ್ಟಾಗ ವೋಲ್ಟೇಜ್ ಇಳಿದು ಆಚೆ ತುದಿಯ ಬಿಳಿ ದೀಪಗಳು ಹಳದಿಗೆ ತಿರುಗಿದವು. ಈ ಮಾದರಿಯಲ್ಲಿ ಹಳದಿಗೆ ಬೇರೆ ಅರ್ಥವಿದೆ, ಹಾಗಾಗಿ ಎರಡೂ ತುದಿಗೆ ಸಪ್ಲೈ ಎಳೆಯಲೇಬೇಕಾಯಿತು. ಪ್ರೋಗ್ರಾಮಿನಲ್ಲಿ ಸಮಯಕ್ಕೆ ಡಿಲೇ (ಇಷ್ಟು ಹೊತ್ತು ಕಾಯು ಎನ್ನುವ ಆದೇಶ) ಬಳಸಬೇಡಿ. ಪಟ್ಟಿಗೆ ಡೇಟಾ ಕಳಿಸುವ ಹೊತ್ತೂ ಸೇರುತ್ತಾ ಹೋಗಿ ಗಡಿಯಾರ ಹಿಂದೆ ಬೀಳುತ್ತದೆ. ಮಿಲಿಸ್ (ಶುರುವಾದಾಗಿನಿಂದ ಕಳೆದ ಮಿಲಿಸೆಕೆಂಡು) ಲೆಕ್ಕದಲ್ಲೇ ನಡೆಸಿ.

ಡ್ಯಾಶ್ 8ರ ಬಾಲಕ್ಕೆ ಒಂದು ಬಿಳಿ ಎಲ್‌ಇಡಿ ಇಟ್ಟು, ಕೋಣೆ ಕತ್ತಲಾಗಿಸಿ, ಅಪ್ರೋಚ್ ತುದಿಯಿಂದ ಕಣ್ಣನ್ನು ಹಲಗೆಯ ಮಟ್ಟಕ್ಕೆ ತಂದು ನೋಡಬೇಕು. ರನ್‌ವೇ ದೀಪಗಳ ಸಾಲಿನಲ್ಲಿ ಅದು ಇನ್ನೊಂದು ಬಿಳಿ ಚುಕ್ಕೆ, ಅಷ್ಟೇ. ಎಲ್ಲಿದೆ ಎಂದು ಮೊದಲೇ ಗೊತ್ತಿದ್ದರೂ ಹುಡುಕಬೇಕು.

ಡ್ಯಾಶ್ 8 ರನ್‌ವೇಗೆ ಬಂದ ದಾರಿಯಾದ ಸಿ5ರಲ್ಲಿ ಅಡ್ಡಲಾಗಿ ಕೂರಿಸಿದ ಕೆಂಪು ತಡೆದೀಪಗಳು ಆರಿಯೇ ಇರುತ್ತವೆ. ಅಂದು ಅವು ದುರಸ್ತಿಯಲ್ಲಿದ್ದವು. 5:45:11ಕ್ಕೆ ಟವರ್ (ಸಂಚಾರ ನಿಯಂತ್ರಣ) ಡ್ಯಾಶ್ 8ಕ್ಕೆ ಹೇಳಿದ್ದು 'ನಂಬರ್ ಒನ್, ಸಿ5 ಹೋಲ್ಡಿಂಗ್ ಪಾಯಿಂಟ್‌ವರೆಗೆ ಟ್ಯಾಕ್ಸಿ ಮಾಡಿ' ಎಂದು, ಅಂದರೆ ರನ್‌ವೇಗೆ ಮುಂಚೆ ಕಾಯುವ ಗೆರೆಯವರೆಗೆ ನೆಲದ ಮೇಲೆ ಸಾಗಿ ಎಂದು. ನಂಬರ್ ಒನ್ ಎಂದರೆ ಹೊರಡುವ ಸರದಿಯಲ್ಲಿ ಮೊದಲಿಗರು. ರನ್‌ವೇಗೆ ಬನ್ನಿ ಎಂದಲ್ಲ. ವಿಮಾನದಿಂದ ಮರುನುಡಿ ಸರಿಯಾಗಿಯೇ ಬಂತು. ಆದರೂ ವಿಮಾನ ಒಳಗೆ ಹೋಯಿತು. ಹೀಗಾಗಿ ಸ್ಪೀಕರ್‌ನಲ್ಲಿ ಈ ಮಾತನ್ನು ಕೇಳಿಸಿದರಷ್ಟೇ ಸಾಲದು, ಹೋಲ್ಡಿಂಗ್ ಗೆರೆಯನ್ನು 1 ಮಿ.ಮೀ. ಹಳದಿ ಟೇಪಿನಲ್ಲಿ ಎದ್ದು ಕಾಣುವಂತೆ ಅಂಟಿಸಬೇಕು.

ಟವರ್ ಮಾನಿಟರ್‌ಗೆ ಚಿಕ್ಕ ಪರದೆ ಇದೆ. ರನ್‌ವೇ ಹಳದಿ, ವಿಮಾನ ಕೆಂಪು: ಅಂದಿನ ಎಚ್ಚರಿಕೆ ಇಷ್ಟೇ, ಸದ್ದಿಲ್ಲ. ಟವರ್‌ನಲ್ಲಿದ್ದ ಸಂಚಾರ ನಿಯಂತ್ರಕರು ಅದನ್ನು ಗಮನಿಸಲಿಲ್ಲ. ಅದಕ್ಕೇ ಒಂದು ಬಜರ್ ಮತ್ತು ಟಾಗಲ್ ಸ್ವಿಚ್ ಸೇರಿಸಿ, ಸದ್ದು ಇಟ್ಟೂ ತೆಗೆದೂ ಓಡಿಸುವ ಉದ್ದೇಶ. ಬಜರನ್ನು ನೇರವಾಗಿ ಕಂಟ್ರೋಲರ್ ಬೋರ್ಡಿನ ಪಿನ್‌ಗೆ ಕೊಟ್ಟಾಗ ದೀಪಗಳು ಮಿಣುಕಿದವು. ಟ್ರಾನ್ಸಿಸ್ಟರ್ ಮೂಲಕ ಕೊಟ್ಟು ನೋಡುವುದು ಬಾಕಿ.