ಹುಲಿ ನೋಡದ ಡ್ರೂಯಿಡ್

ಮೂರು ವಾರದಿಂದ ಒಂದೇ ಕ್ಯಾರೆಕ್ಟರ್ ಶೀಟ್, ಅಂದರೆ ಆಟದ ಪಾತ್ರದ ವಿವರ ಬರೆಯುವ ಹಾಳೆ, ಹಿಡಿದುಕೊಂಡು ಕೂತಿದ್ದೇನೆ. ಅಳಿಸಿ ಅಳಿಸಿ ಕಾಗದ ತೂತು ಬೀಳುವ ಹಾಗಾಗಿದೆ. ಎಲ್ಲಾ ತುಂಬಿ ಆಗಿದೆ, ಒಂದು ಸಾಲು ಮಾತ್ರ ಖಾಲಿ. ಅದಕ್ಕೆ ಕಾರಣ ಹುಲಿ.

ಆಟ ಡಂಜನ್ಸ್ ಅಂಡ್ ಡ್ರ್ಯಾಗನ್ಸ್. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಅಂತ ಇಬ್ಬರು ಅಮೆರಿಕದಲ್ಲಿ ಹೊರತಂದದ್ದು. ಒಬ್ಬರು ಕಥೆ ನಡೆಸುತ್ತಾರೆ, ಅವರಿಗೆ ಡಂಜನ್ ಮಾಸ್ಟರ್, ಚಿಕ್ಕದಾಗಿ ಡಿಎಂ ಅಂತಾರೆ. ಉಳಿದವರಿಗೆ ಒಂದೊಂದು ಪಾತ್ರ. ಆಗುತ್ತೋ ಇಲ್ಲವೋ ಅನ್ನುವಂಥ ಕೆಲಸಕ್ಕೆಲ್ಲ ಇಪ್ಪತ್ತು ಮುಖದ ಡೈಸ್ ಉರುಳಿಸಬೇಕು. ನಾವು ಐದು ಜನ, ಭಾನುವಾರ ಮಧ್ಯಾಹ್ನ, ಮೂಡಿಗೆರೆ ರಸ್ತೆಯಲ್ಲಿರುವ ದೊಡ್ಡಪ್ಪನ ಮನೆಯ ಮಹಡಿ ಮೇಲೆ ಆಡುತ್ತೇವೆ. ಡೈಸ್ ಮಂಚದ ಕೆಳಗೆ ಹೋಗಬಾರದು ಅಂತ ಮೊರದಲ್ಲಿ ಉರುಳಿಸುತ್ತೇವೆ. ಸಂಜೆ ಐದಕ್ಕೆ ದೊಡ್ಡಮ್ಮ ಕೆಳಗಿನಿಂದ "ಮೊರ ಕೊಡ್ರೋ, ಅಕ್ಕಿ ಕೇರ್ಬೇಕು" ಅಂತ ಕೂಗಿದರೆ ಅವತ್ತಿನ ಯುದ್ಧ ಅಲ್ಲಿಗೆ ಮುಗಿಯಿತು ಅಂತಲೇ ಲೆಕ್ಕ.

ಡಿಎಂ ದೊಡ್ಡಪ್ಪನ ಮಗಳು, ಅಂದರೆ ನನಗೆ ಅಕ್ಕ. ಇದು ಮುಖ್ಯ, ಯಾಕೆಂದರೆ ಬೇರೆ ಡಿಎಂ ಆಗಿದ್ದರೆ ಜಗಳ ಮಾಡಬಹುದಿತ್ತು.

ನನಗೆ ಮೊದಲಿಂದ ಇದ್ದ ಆಸೆ ಡ್ರೂಯಿಡ್ ಆಡಬೇಕು ಅಂತ. ಕಾಡಿನ ಮಂತ್ರ ಬಲ್ಲವರು, ಪ್ರಾಣಿಯಾಗಿ ರೂಪ ಬದಲಿಸುವವರು. ಯಕ್ಷಗಾನದಲ್ಲಿ ಮಹಿಷಾಸುರ ದೊಂದಿ ಬೆಳಕಲ್ಲಿ ಜನರ ಮಧ್ಯದಿಂದ ಅಬ್ಬರಿಸಿಕೊಂಡು ಬರುವುದನ್ನು ಅಪ್ಪನ ಹೆಗಲ ಮೇಲೆ ಕೂತು ನೋಡಿದವನಿಗೆ ಇದು ಬಿಟ್ಟು ಬೇರೆ ಏನು ಇಷ್ಟವಾಗುತ್ತೆ ಹೇಳಿ. ನಾವು ಆಡುವುದು 2014ರ ಐದನೇ ಆವೃತ್ತಿಯ ನಿಯಮ. 2024ರ ಪುಸ್ತಕದಲ್ಲಿ ರೂಪ ಬದಲಿಸುವ ಲೆಕ್ಕವನ್ನೇ ಬದಲಿಸಿದ್ದಾರೆ, ಪ್ರಾಣಿಯ ಹಿಟ್ ಪಾಯಿಂಟ್, ಅಂದರೆ ಎಷ್ಟು ಏಟು ತಾಳಬಹುದು ಅನ್ನುವ ಅಂಕಿ, ಈಗ ನಮಗೆ ಸಿಗುವುದಿಲ್ಲ. ಹಳೆಯದರಲ್ಲಿ ಸಿಗುತ್ತೆ. ಆ ಒಂದು ಕಾರಣಕ್ಕೆ ನಾನು ಹಳೆಯದಕ್ಕೇ ಅಂಟಿಕೊಂಡಿದ್ದೇನೆ, ಮುಚ್ಚಿಡುವುದೇನು.

ಲೆಕ್ಕ ನೋಡಿ. ಎರಡನೇ ಲೆವೆಲ್‌ನಲ್ಲಿ ಡ್ರೂಯಿಡ್‌ಗೆ ವೈಲ್ಡ್ ಶೇಪ್, ಅಂದರೆ ಪ್ರಾಣಿಯಾಗುವ ಶಕ್ತಿ, ಬರುತ್ತೆ, ಒಂದು ವಿಶ್ರಾಂತಿಗೆ ಎರಡು ಸಲ. ಅದೇ ಲೆವೆಲ್‌ನಲ್ಲಿ ಯಾವ ಸರ್ಕಲ್, ಅಂದರೆ ಯಾವ ಡ್ರೂಯಿಡ್ ಪಂಗಡ ಅಂತ ಆರಿಸಬೇಕು. ಚಂದ್ರನ ಸರ್ಕಲ್ ಹಿಡಿದರೆ ಚಾಲೆಂಜ್ ರೇಟಿಂಗ್, ಅಂದರೆ ಪ್ರಾಣಿಯ ಬಲದ ಅಂಕಿ, 1ರ ತನಕ ಇರುವ ಪ್ರಾಣಿ ಆಗಬಹುದು, ಬೇರೆ ಡ್ರೂಯಿಡ್‌ಗಳು ಆಗ ಕಾಲು (1/4) ರೇಟಿಂಗ್‌ನಲ್ಲೇ ಇರುತ್ತಾರೆ. ನನ್ನ ಪಾತ್ರಕ್ಕೆ ಸ್ವಂತದ್ದು 17 ಹಿಟ್ ಪಾಯಿಂಟ್. ಬ್ರೌನ್ ಬೇರ್ ಆದರೆ ಅದರದ್ದು 34. ಎರಡು ಸಲ ಆಗಬಹುದಲ್ವಾ? 34, ಮತ್ತೆ 34, ಕೊನೆಗೆ ನನ್ನ 17, ಒಟ್ಟು 85. ಪಕ್ಕದಲ್ಲಿ ಕತ್ತಿ ಗುರಾಣಿ ಹಿಡಿದು ನಿಂತ ನಮ್ಮ ಫೈಟರ್ ಹತ್ತಿರ ಇದ್ದದ್ದು 22. ಅವನು ಶೀಟ್ ನೋಡಿ "ಇದು ಅನ್ಯಾಯ ಮಾರಾಯ" ಅಂದ. ಅನ್ಯಾಯವೇ.

ಇನ್ನೂ ಒಂದು ಮಜಾ ಇದೆ. ರೂಪ ಬದಲಾದಾಗ ಮೈ ಪ್ರಾಣಿಯದ್ದು, ತಲೆ ನಮ್ಮದು. ಸ್ಟ್ರೆಂತ್, ಡೆಕ್ಸ್ಟೆರಿಟಿ, ಕಾನ್‌ಸ್ಟಿಟ್ಯೂಷನ್, ಅಂದರೆ ಬಲ, ಚುರುಕು, ಮೈಗಟ್ಟಿತನ ಮೂರೂ ಪ್ರಾಣಿಯದ್ದು ಬರುತ್ತೆ. ಬುದ್ಧಿ, ವಿವೇಕ (ವಿಸ್ಡಮ್), ವರ್ಚಸ್ಸು ನಮ್ಮದೇ ಉಳಿಯುತ್ತೆ. ಹಾಗಾಗಿ 15, 14, 13, 12, 10, 8 ಅಂತ ಸಿಗುವ ಆರು ಅಂಕಿಯಲ್ಲಿ 8 ಅನ್ನು ಕಣ್ಣು ಮುಚ್ಚಿಕೊಂಡು ಸ್ಟ್ರೆಂತ್‌ಗೆ ಹಾಕಿದೆ. 15 ವಿಸ್ಡಮ್‌ಗೆ, ಮಂತ್ರವೆಲ್ಲ ಅದರ ಮೇಲೇ ನಿಂತಿರುವುದು. 14 ಕಾನ್‌ಸ್ಟಿಟ್ಯೂಷನ್‌ಗೆ, ಯಾಕೆಂದರೆ ಕರಡಿ ರೂಪ ಕಳಚಿ ಬಿದ್ದ ಮೇಲೆ ಏಟು ತಿನ್ನುವುದು ಅದೇ ಬಡಪಾಯಿ ಮೈ. ಮನುಷ್ಯ ಕುಲ ಆರಿಸಿದ್ದರಿಂದ ಎಲ್ಲದಕ್ಕೂ ಒಂದೊಂದು ಸೇರಿತು.

ಇಷ್ಟೆಲ್ಲ ಮಾಡಿ ಮೊದಲ ಭಾನುವಾರ ಆಡಿದೆ. ಕರಡಿಯಾದೆ, ಕಚ್ಚಿದೆ, ಪರಚಿದೆ. ಮತ್ತೆ ಕಚ್ಚಿದೆ. ನಿಜ ಹೇಳಬೇಕೆಂದರೆ ಬೋರಾಯಿತು. ಅದರ ಮೇಲೆ ಫೈಟರ್ ದೂರದಲ್ಲಿ ನೆಲಕ್ಕೆ ಬಿದ್ದ. ನನ್ನ ಹತ್ತಿರ ಗಾಯ ವಾಸಿ ಮಾಡುವ ಹೀಲಿಂಗ್ ವರ್ಡ್ ಮಂತ್ರ ಇದೆ, ಅರವತ್ತು ಅಡಿ ದೂರದಿಂದಲೂ ಎಬ್ಬಿಸಬಹುದು. ಆದರೆ ಪ್ರಾಣಿಯಾಗಿದ್ದಾಗ ಮಂತ್ರ ಹೇಳುವ ಹಾಗಿಲ್ಲ, ಅದಕ್ಕೆ 18ನೇ ಲೆವೆಲ್ ತನಕ ಕಾಯಬೇಕು. ಸರಿ, ಮನುಷ್ಯ ರೂಪಕ್ಕೆ ಬರೋಣ ಅಂದರೆ ಅದಕ್ಕೆ ಬೋನಸ್ ಆಕ್ಷನ್, ಅಂದರೆ ಸರದಿಯಲ್ಲಿ ಹೆಚ್ಚುವರಿಯಾಗಿ ಸಿಗುವ ಚಿಕ್ಕ ಕೆಲಸ, ಬೇಕು, ಹೀಲಿಂಗ್ ವರ್ಡ್‌ಗೂ ಬೋನಸ್ ಆಕ್ಷನ್ನೇ ಬೇಕು, ಒಂದು ಸರದಿಗೆ ಸಿಗುವುದು ಒಂದೇ. 85 ಹಿಟ್ ಪಾಯಿಂಟ್ ಇಟ್ಟುಕೊಂಡು ಗೆಳೆಯ ಸಾಯುವುದನ್ನು ನೋಡುತ್ತಾ ನಿಂತಿದ್ದೆ. ಅವನ ಅದೃಷ್ಟ, ಡೈಸ್ 20ಕ್ಕೆ ನಿಂತಿತು, ತಾನೇ ಎದ್ದು ಕೂತ.

ಆಮೇಲೆ ಗೊತ್ತಾಯಿತು, ಮಂತ್ರ ಮೊದಲು, ರೂಪ ಆಮೇಲೆ. ಎಂಟ್ಯಾಂಗಲ್ ಹಾಕಿ ಶತ್ರುಗಳ ಕಾಲಿಗೆ ಬಳ್ಳಿ ಸುತ್ತಿಸಿ, ಆಮೇಲೆ ಕರಡಿಯಾದರೆ ಬಳ್ಳಿ ಹಾಗೇ ಇರುತ್ತೆ, ಮಂತ್ರ ಹಿಡಿದಿಡುವ ಕಾನ್ಸಂಟ್ರೇಷನ್ ಕಡಿಯುವುದಿಲ್ಲ. ಏಟು ಬಿದ್ದಾಗ ಮಾತ್ರ ಡೈಸ್ ಹಾಕಬೇಕು. ಮೂರನೇ ಲೆವೆಲ್‌ಗೆ ಮೂನ್‌ಬೀಮ್ ಸಿಕ್ಕಿತು. ಆಕಾಶದಿಂದ ಬೆಳದಿಂಗಳ ಕಂಬ ಇಳಿಸಿ, ಪ್ರಾಣಿಯಾಗಿದ್ದುಕೊಂಡೇ ಅದನ್ನು ಆಚೆ ಈಚೆ ಸರಿಸಬಹುದು. ತಮಾಷೆ ಏನೆಂದರೆ ರೂಪ ಬದಲಿಸುವ ರಾಕ್ಷಸರು ಆ ಬೆಳಕಿಗೆ ಸಿಕ್ಕಿ ಅದನ್ನು ತಡೆಯುವ ಡೈಸ್ ಸೋತರೆ ತಮ್ಮ ನಿಜ ರೂಪಕ್ಕೆ ಬಂದುಬಿಡುತ್ತಾರೆ. ಕಳ್ಳನ ಕೈಗೇ ಬೀಗದ ಕೈ ಕೊಟ್ಟ ಹಾಗೆ.

ಈಗ ಹುಲಿಯ ವಿಷಯ.

ವೈಲ್ಡ್ ಶೇಪ್ ನಿಯಮದಲ್ಲಿ ಎಲ್ಲರೂ ಹಾರಿಸಿಕೊಂಡು ಓದುವ ಒಂದು ಮಾತಿದೆ: ಡ್ರೂಯಿಡ್ ಮುಂಚೆ ನೋಡಿರುವ ಪ್ರಾಣಿಯ ರೂಪವನ್ನು ಮಾತ್ರ ತಾಳಬಹುದು. ಎರಡನೇ ಭಾನುವಾರ ಅಕ್ಕ ಅದರ ಕೆಳಗೆ ಬೆರಳಿಟ್ಟು, "ನಿನ್ನ ಪಾತ್ರ ಬ್ರೌನ್ ಬೇರ್ ಎಲ್ಲಿ ನೋಡಿದ್ಲೋ?" ಅಂದಳು. ನಾನು ಬೆಬ್ಬೆಬ್ಬೆ. ಅವಳ ಕಥೆ ನಡೆಯುವುದು ನಮ್ಮ ಮಲೆನಾಡಿನಂಥದ್ದೇ ಊರಲ್ಲಿ. ಇಲ್ಲಿ ಬ್ರೌನ್ ಬೇರ್ ಎಲ್ಲಿಂದ ಬರಬೇಕು? ಆಮೇಲೆ ಅವಳೇ ಒಂದು ಹೊಸ ನಿಯಮ ಹೊರಡಿಸಿದಳು. ಪಾತ್ರ ಅಲ್ಲ, ಆಡುವವನು ಕಣ್ಣಾರೆ ನೋಡಿರಬೇಕು. ಟೀವಿ, ಮೊಬೈಲು, ಮೃಗಾಲಯ ಯಾವುದೂ ಲೆಕ್ಕಕ್ಕಿಲ್ಲ.

ಸಿಟ್ಟು ಬಂತು. ಆದರೆ ಅವತ್ತು ರಾತ್ರಿ ಕೂತು ಪಟ್ಟಿ ಬರೆಯುತ್ತಾ ಹೋದ ಹಾಗೆ ಪಾತ್ರ ತಾನಾಗಿ ಎದ್ದು ನಿಂತಿತು. ಹೆಸರು ಸಿಂಗಿ. ಕಂಬಳಿ ಕೊಪ್ಪೆ ಹಾಕಿಕೊಂಡ ಮುದುಕಿ. ಕರಡಿಯಾದಾಗ ಕೊಪ್ಪೆ ಮೈಕೂದಲಿನೊಳಗೆ ಸೇರಿಕೊಳ್ಳುತ್ತೆ, ತೊಟ್ಟದ್ದು ರೂಪದಲ್ಲಿ ಬೆರೆಯಬಹುದು ಅಂತ ನಿಯಮದಲ್ಲೇ ಇದೆ. ಡ್ರೂಯಿಡ್‌ಗಳು ಲೋಹದ ಕವಚ ಹಾಕುವುದಿಲ್ಲ, ಆದರೆ ಅವರ ಆಯುಧದ ಪಟ್ಟಿಯಲ್ಲಿ ಕುಡುಗೋಲು ಇದೆ. ಅದನ್ನು ನೋಡಿ ಎಷ್ಟು ಖುಷಿಯಾಯಿತು ಅಂದರೆ, ಹುಲ್ಲು ಕೊಯ್ಯಲು ಹೋಗುವ ನಮ್ಮ ಅಜ್ಜಿಯೇ ಕಣ್ಣ ಮುಂದೆ ಬಂದಳು. ಗುಡ್‌ಬೆರಿ ಮಂತ್ರದ ಹತ್ತು ಹಣ್ಣು ನಮ್ಮಲ್ಲಿ ನೇರಳೆ ಹಣ್ಣಾಯಿತು. ಒಂದು ತಿಂದರೆ ಒಂದು ಹಿಟ್ ಪಾಯಿಂಟು, ಇಡೀ ದಿನದ ಊಟ.

ಪಟ್ಟಿಯಲ್ಲಿ ಮೊದಲನೆಯದು ಕರಡಿ. ಅಮ್ಮನ ತವರು ಅರಸೀಕೆರೆ ಕಡೆ, ಅಲ್ಲಿ ಗುಡ್ಡದ ಬಂಡೆಗಳ ಮಧ್ಯೆ ಬೆಳಗಿನ ಜಾವ ಒಂದು ಕರಡಿ ಮರಿಯನ್ನು ಬೆನ್ನ ಮೇಲೆ ಹೊತ್ತು ಹೋಗುತ್ತಿದ್ದದ್ದನ್ನು ಕಂಡಿದ್ದೆ. ನಮ್ಮ ಕರಡಿ ಗೆದ್ದಲು ತಿನ್ನುವ ಜಾತಿ. ಉದ್ದ ಉಗುರಿನಿಂದ ಹುತ್ತ ಬಗೆದು, ಮೇಲಿನ ಸಾಲಿನ ಮುಂದಿನ ಎರಡು ಹಲ್ಲು ಇಲ್ಲದ ಸಂದಿನಿಂದ ಸುರ್ರ್ ಅಂತ ಎಳೆದುಕೊಳ್ಳುತ್ತೆ. ಪುಸ್ತಕದಲ್ಲಿ ಅದಕ್ಕೆ ಬೇರೆ ಅಂಕಿ ಇಲ್ಲದ್ದರಿಂದ ಬ್ಲ್ಯಾಕ್ ಬೇರ್‌ನದ್ದು ಹಾಕಿಕೊಂಡೆವು, 19 ಹಿಟ್ ಪಾಯಿಂಟ್. 34ರಿಂದ 19ಕ್ಕೆ ಇಳಿದೆ, ಹೊಟ್ಟೆ ಉರಿಯಿತು. ಆದರೆ ಕಳೆದ ವಾರ ನಮ್ಮ ಗುಂಪಿನ ಕುಳ್ಳ ಹಾಫ್ಲಿಂಗ್ ಗಾಯಗೊಂಡಾಗ ಸಿಂಗಿ ಅವನನ್ನು ಮರಿಯ ಹಾಗೆ ಬೆನ್ನ ಮೇಲೆ ಕೂರಿಸಿಕೊಂಡು ಗುಡ್ಡ ಇಳಿದಳು. ಆ 34 ಇದ್ದಾಗ ಇಂಥದ್ದು ನನಗೆ ಹೊಳೆದಿರಲಿಲ್ಲ.

ಚಿರತೆ ಒಂದು ಸಲ ಕಾರಿನ ಬೆಳಕಿಗೆ ಅಡ್ಡ ಬಂದಿತ್ತು, ಹಾಗಾಗಿ ಪ್ಯಾಂಥರ್ ಅಂಕಿ ಸಿಕ್ಕಿತು. 13 ಹಿಟ್ ಪಾಯಿಂಟ್ ಅಷ್ಟೇ, ಆದರೆ ಸದ್ದಿಲ್ಲದೆ ಮರ ಹತ್ತಿ ಕೂರಲು ಅದಕ್ಕಿಂತ ಬೇರೆ ಬೇಕಿಲ್ಲ. ಕಾಟಿ ಬೇಕಾದಷ್ಟು ನೋಡಿದ್ದೇನೆ, ಅದಕ್ಕೆ ಘೇಂಡಾಮೃಗದ ಅಂಕಿ ಅಂತ ತೀರ್ಮಾನ, ರೇಟಿಂಗ್ 2, ಆರನೇ ಲೆವೆಲ್ ತನಕ ಕಾಯಬೇಕು. ಆನೆ ರೇಟಿಂಗ್ 4, ಅಂದರೆ 12ನೇ ಲೆವೆಲ್. ಮೂಡಿಗೆರೆ, ಸಕಲೇಶಪುರ, ಆಲೂರು ಕಡೆಯವರನ್ನು ಆನೆ ನೋಡಿದ್ದೀಯಾ ಅಂತ ಕೇಳುವುದೇ ತಪ್ಪು. ಇಂಬಳವನ್ನೂ ಸೇರಿಸು ಅಂತ ಫೈಟರ್ ಹೇಳಿದ, ಅದಕ್ಕೆ ಯಾವ ಅಂಕಿಯೂ ಬೇಡ, ಕಾಲಿಗೆ ಹತ್ತಿದರೆ ಸಾಕು.

ಹುಲಿ ಮಾತ್ರ ಇಲ್ಲ. ರೇಟಿಂಗ್ 1, 37 ಹಿಟ್ ಪಾಯಿಂಟ್, ಈಗಲೇ ಆಗಬಹುದು. ಭದ್ರಾ 1998ರಿಂದ ಹುಲಿ ಸಂರಕ್ಷಿತ ಪ್ರದೇಶ, ಮುತ್ತೋಡಿ ಸಫಾರಿಗೆ ಮೂರು ಸಲ ಹೋಗಿದ್ದೇನೆ. ಕಡವೆ, ಕಾಟಿ, ನವಿಲು. ಮೂರನೇ ಸಲ ಕೆಸರಲ್ಲಿ ಹೆಜ್ಜೆ ಗುರುತು ಸಿಕ್ಕಿತು, ಬೆಳಗ್ಗೆಯದ್ದು ಅಂದರು. ಹೆಜ್ಜೆ ನೋಡಿದರೂ ನೋಡಿದ ಹಾಗೇ ಅಲ್ವಾ ಅಂತ ಅಕ್ಕನ ಹತ್ತಿರ ಅರ್ಧ ಗಂಟೆ ವಾದ ಮಾಡಿದೆ. "ಹೆಜ್ಜೆ ನೋಡಿದ್ರೆ ಹೆಜ್ಜೆ ಆಗು" ಅಂದಳು.

ಮೊನ್ನೆ ಭಾನುವಾರ ಜೋರು ಮಳೆ, ಕರೆಂಟ್ ಇಲ್ಲ, ಮೊರದ ಪಕ್ಕ ಎಮರ್ಜೆನ್ಸಿ ಲೈಟು. ಅಕ್ಕನಿಗೆ ಕನಿಕರ ಬಂದಿರಬೇಕು. ಕಥೆಯಲ್ಲಿ ಹಳ್ಳದ ಆಚೆ ದಡದಲ್ಲಿ ಏನೋ ನೀರು ಕುಡಿಯುತ್ತಿದೆ, ಸಿಂಗಿ ನೋಡಿದರೆ ಅದೂ ಲೆಕ್ಕಕ್ಕೆ ಬರುತ್ತೆ, ಕಣ್ಣಿಗೆ ಬೀಳುತ್ತಾ ಅಂತ ಪರ್ಸೆಪ್ಷನ್ ಡೈಸ್ ಹಾಕು ಅಂದಳು. ಎಲ್ಲರೂ ಹಪ್ಪಳ ತಿನ್ನುವುದನ್ನು ನಿಲ್ಲಿಸಿದರು. ಡೈಸ್ ಮೊರದ ಅಂಚಿಗೆ ತಾಗಿ, ತಿರುಗಿ, 3ಕ್ಕೆ ನಿಂತಿತು. ಸಿಂಗಿಯ ಪರ್ಸೆಪ್ಷನ್ 5 ಸೇರಿಸಿ 8.

"ಪೊದೆ ಅಲ್ಲಾಡ್ತು," ಅಂದಳು ಅಕ್ಕ.